ಹೊಸ್ತಿಲಿಗೆ ಬಂದ ಕೆರೆ

ಸೈಫುದ್ದೀನನ ಮನೆಯ ಕೆರೆ ಕಡೆಯ ಗೋಡೆ ಬಿದ್ದದ್ದು ಎಪ್ಪತ್ತಾರನೆಯ ಇಸವಿಯ ಹಸ್ತದ ಮಳೆಯಲ್ಲಿ, ಅದೂ ಅವನು ಚಹಾದ ಬಸಿಯನ್ನು ತುಟಿಗೆ ಹಚ್ಚಿದ ಹೊತ್ತಿಗೇ. ಮಣ್ಣಿನ ಗೋಡೆಗಳಿಗೆ ಮಾನ ಮರ್ಯಾದೆ ಎಂಬುದಿಲ್ಲ. ವರ್ಷಗಟ್ಟಲೆ ಗಟ್ಟಿಯಾಗಿ ನಿಂತು, ಮನೆಯವರು ನಂಬಿ ಬೆನ್ನು ಆನಿಸಿ ಕೂತ ಮೇಲೆ, ಒಂದು ದಿನ ಹೇಳದೆ ಕೇಳದೆ ಅಂಗಾತ ಮಲಗಿಬಿಡುತ್ತವೆ. ಗೋಡೆಯ ಬೆನ್ನಿಗೇ ಮಾಳಿಗೆಯ ಅರ್ಧ ಭಾಗವೂ ಕೆಳಗಿಳಿಯಿತು. ಸಪ್ಪಳ ಅಡಗಿದ ಮೇಲೆ ಅಡುಗೆಮನೆಯ ಕಡೆಯಿಂದ ಅವನ ಹೆಂಡತಿ ಸಬೀರಾ ಹೊರಗೆ ಬಂದಳು. ಒಂದು ಬಗಲಲ್ಲಿ ಕೋಳಿ, ಇನ್ನೊಂದು ಬಗಲಲ್ಲಿ ರೊಟ್ಟಿ ಬೇಯಿಸುವ ಹಂಚು, ತಲೆಯ ತುಂಬ ಹಸಿ ಮಣ್ಣು.

“ಗ್ವಾಡಿ ಬಿತ್ತು,” ಎಂದ ಸೈಫುದ್ದೀನ, ಬಸಿ ಕೆಳಗಿಡದೆ.

“ಹೌದಾ? ನಾ ಏನೋ ಕೋಳಿ ಕೆಮ್ಮಿತು ಅಂತ ತಿಳಕೊಂಡಿದ್ದೆ,” ಎಂದಳು ಸಬೀರಾ. “ನಾ ಟಿಕೋಟಾಕ್ಕ ಹೊಂಟೇನಿ, ನಮ್ಮಮ್ಮನ ಮನಿಗೆ. ಗ್ವಾಡಿ ಎದ್ದ ಮ್ಯಾಲ ಹೇಳಿ ಕಳಸ್ರಿ. ಬರೇ ಗ್ವಾಡಿ ಅಲ್ಲ, ಗ್ವಾಡ್ಯಾಗ ಒಂದು ಕಿಡಕಿ. ಕಿಡಕ್ಯಾಗಿಂದ ಕೆರಿ ಕಾಣಬೇಕು. ಕಾಣಲಿಲ್ಲ ಅಂದ್ರ ನಾನೂ ಕಾಣೂದಿಲ್ಲ.”

ಹೋಗಿಯೇ ಬಿಟ್ಟಳು. ಹೋಗುವಾಗ ಕೋಳಿಯನ್ನೂ ಒಯ್ದಳು, ಹಂಚನ್ನೂ ಒಯ್ದಳು.

ಈ ಕಿಡಕಿಯ ಮಾತಿಗೆ ಒಂದು ಹಿನ್ನೆಲೆಯಿದೆ. ಸಬೀರಾಳ ಮದುವೆ ನಡೆದದ್ದೇ ಮಮದಾಪುರದ ಕೆರೆಯ ಬಲದ ಮೇಲೆ. ಹೆಣ್ಣು ಕೇಳಲು ಟಿಕೋಟಾಕ್ಕೆ ಹೋದಾಗ ಅವಳ ತಾಯಿ ಆಶಾಬಿ ಹುಡುಗನ ಕಡೆಯವರನ್ನು ಹೊಲ ಎಷ್ಟು, ದನ ಎಷ್ಟು ಎಂದು ಕೇಳಿದಳು. ಹೊಲವೂ ಇರಲಿಲ್ಲ, ದನವೂ ಇರಲಿಲ್ಲ. ಹತ್ತಿ ಹಿಂಜಿ ಗಾದಿ ತುಂಬುವ ಮನೆತನ, ಇದ್ದದ್ದು ಒಂದು ಹಿಂಜುವ ಬಿಲ್ಲು. ಆಗ ಸೈಫುದ್ದೀನನ ಅಪ್ಪ ಗಂಟಲು ಸರಿಮಾಡಿಕೊಂಡು, “ನಮ್ಮ ಹೊಸ್ತಿಲಾ ದಾಟಿದ್ರ ಕೆರಿ. ಮಳಿಗಾಲದಾಗ ನಿಮ್ಮ ಮಗಳು ಹೊಸ್ತಿಲ ಮ್ಯಾಲ ಕುಂತ ಕೊಡಾ ತುಂಬಸ್ತಾಳ,” ಎಂದುಬಿಟ್ಟ. ಬಾವಿಯ ಹಗ್ಗ ಎಳೆದು ಎಳೆದು ಅಂಗೈ ಒರಟಾಗಿದ್ದ ಹುಡುಗಿ ಬಾಗಿಲ ಹಿಂದಿನಿಂದಲೇ ಹೂಂ ಎಂದಳು. ಮದುವೆಯಾಗಿ ಬಂದ ಮರುದಿನ ಕೊಡ ಹಿಡಿದು ಹೊಸ್ತಿಲಲ್ಲಿ ನಿಂತು ನೋಡಿದಳು. ಇಳಿಜಾರು, ಜಾಲಿ ಕಂಟಿ, ಒಂದು ಬೇವಿನ ಮರ, ಅದರಾಚೆ ಬಟ್ಟೆ ಒಗೆಯುವ ಕಲ್ಲು, ಅದಕ್ಕೂ ಕೆಳಗೆ ಎಲ್ಲೋ ನೀರು ಮಿಣಮಿಣ ಎನ್ನುತ್ತಿತ್ತು. ಮಾವನ ಮುಖ ನೋಡಿದಳು. ಮಾವ ಆಕಾಶ ನೋಡಿದ. ಅವಳು ಕೊಡ ಬಗಲಿಗಿಟ್ಟು ಇಳಿಜಾರು ಇಳಿದಳು. ಅಂದಿನಿಂದ ಅವಳದು ಒಂದೇ ಬೇಡಿಕೆ: ನೀರು ಹೊಸ್ತಿಲಿಗೆ ಬರದಿದ್ದರೆ ಬೇಡ, ರೊಟ್ಟಿ ಬಡಿಯುವಾಗ ಕಣ್ಣಿಗಾದರೂ ಕಾಣಲಿ.

ಹೆಂಡತಿ ಹೋದ ಮೇಲೆ ಸೈಫುದ್ದೀನನ ಬಾಳು ನಗೆಪಾಟಲಾಯಿತು. ಬಬಲೇಶ್ವರದ ಸಂತೆಯಲ್ಲಿ ಕೂತು ಊರಮಂದಿಗೆಲ್ಲ ಮೆತ್ತನೆಯ ಗಾದಿ ತುಂಬಿಕೊಡುವವನು ರಾತ್ರಿ ಗೆಳೆಯ ಶಂಕ್ರೆಪ್ಪನ ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಮಲಗುತ್ತಿದ್ದ. ಪಕ್ಕದಲ್ಲಿ ಒಂದು ಎಮ್ಮೆ. ಎಮ್ಮೆ ಒಳ್ಳೆಯದೇ, ಆದರೆ ಅದು ಸಬೀರಾ ಅಲ್ಲ. ಸಬೀರಾ ಬೈಯುತ್ತಿದ್ದಳು, ಎಮ್ಮೆ ಬೈಯುತ್ತಿರಲಿಲ್ಲ, ಅದೇ ಅವನಿಗೆ ಸಹಿಸಲಾಗಲಿಲ್ಲ.

ಬಿದ್ದ ಮನೆ ಕಟ್ಟಲು ಮಣ್ಣು, ಕಲ್ಲು, ನಾಲ್ಕು ಜನರ ಕೈ ಇದ್ದರೆ ಸಾಕೆಂದು ಅವನು ತಿಳಿದಿದ್ದ. ಪಂಚಾಯಿತಿಯವರು ಆ ತಿಳಿವಳಿಕೆಯನ್ನು ತಿದ್ದಿದರು. ಹೊಸ ಕಾಯದೆ ಬಂದಿತ್ತು. ನೀರಿನ ದಂಡೆಯಲ್ಲಿರುವ ಮನೆ ಬಿದ್ದರೆ ಮತ್ತೆ ಕಟ್ಟಲು ವಿಜಾಪುರದ ಕಚೇರಿಯ ಒಪ್ಪಿಗೆ ಬೇಕು. ನೀರು ಒಮ್ಮೆಯಾದರೂ ಏರಿ ಬಂದು ಮುಟ್ಟಿದ ಜಾಗದಲ್ಲಿ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. ಈ ಕಾಯದೆ ಬರೆದ ಪುಣ್ಯಾತ್ಮರು ಸಮುದ್ರದ ದಂಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರು. ಅರ್ಧ ವರ್ಷ ಎಮ್ಮೆಯ ಹೊಟ್ಟೆಯನ್ನೂ ತೋಯಿಸಲಾರದ ನಮ್ಮ ಕಡೆಯ ಕೆರೆಗಳೂ ಅದರಲ್ಲಿ ಸಿಕ್ಕಿಬಿದ್ದವು.

ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಒಂದು ಸೈಕಲ್ ಅಂಗಡಿಯ ಮೇಲಿನ ಅಟ್ಟದಲ್ಲಿತ್ತು ಆ ಕಚೇರಿ. ಅಲ್ಲಿಯ ಸಾಹೇಬರು ಕಾರವಾರದವರು. ವರ್ಗವಾಗಿ ಬಂದು ವರ್ಷವಾಗಿದ್ದರೂ ಮನಸ್ಸು ಇನ್ನೂ ಬಂದಿರಲಿಲ್ಲ. ಗೋಡೆಗೆ ದೋಣಿಯ ಚಿತ್ರದ ಕ್ಯಾಲೆಂಡರ್ ತೂಗುಹಾಕಿಕೊಂಡು, ಅದನ್ನೇ ನೋಡುತ್ತ, ಬೆತ್ತ ಹರಿದ ಕುರ್ಚಿಯ ತೂತಿನಲ್ಲಿ ಅರ್ಧ ಇಳಿದು ಕೂತಿರುತ್ತಿದ್ದರು.

“ಮಮದಾಪುರದಲ್ಲಿ ದಂಡೆ ಬೇರೆ ಉಂಟಾ?” ಎಂದು ಅವರು ನಕ್ಕರು. “ನೀರು ಎಲ್ಲಿಯ ತನಕ ಬರ್ತದೆ ಅಲ್ಲಿ?”

ಸೈಫುದ್ದೀನ ಅಭ್ಯಾಸಬಲದಿಂದ ಬಾಯಿ ತೆರೆದ. ಬಾಗಿಲಲ್ಲಿದ್ದ ಸಿಪಾಯಿ ಪೀರಸಾಬ ಜೋರಾಗಿ ಕೆಮ್ಮಿದ. ಸೈಫುದ್ದೀನ ಬಾಯಿ ಮುಚ್ಚಿದ.

ಹೊರಗೆ ಕರೆದೊಯ್ದು ಪೀರಸಾಬ ಬುದ್ಧಿ ಹೇಳಿದ. “ಕೆರಿ ನೀರು ಎಲ್ಲಿತನಾ ಏರಿತ್ತು ಅಂತ ಯಾವ ಕಾಗದದಾಗೂ ಇಲ್ಲ. ಸಾಹೇಬ್ರು ಊರಿಗೆ ಬಂದು ಹಿರಿಯಾರನ್ನ ಕೇಳ್ತಾರ. ಹಿರಿಯಾರು ತೋರಿಸಿದಲ್ಲೇ ಗೆರಿ. ನಿನ್ನ ಮನಿ ಎಷ್ಟು ಮ್ಯಾಲ ಐತಿ?”

“ಒಗ್ಯಾಣ ಕಲ್ಲು ದಾಟಿ, ಬೇವಿನ ಗಿಡಾ ದಾಟಿ, ದಿಬ್ಬದ ಮ್ಯಾಲ.”

“ಹಂಗಾರ ನೀರು ಒಗ್ಯಾಣ ಕಲ್ಲು ದಾಟಿ ಬಂದೇ ಇಲ್ಲ ಅಂತ ಅನ್ನಸು. ನಿಮ್ಮೂರವರ ಬಾಯಿ ಒಂದು ತಾಸು ಕಟ್ಟಿಟ್ಟಿ ಅಂದ್ರ ನಿನ್ನ ಕೆಲಸಾ ಆತು.”

ಸೈಫುದ್ದೀನ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಮಮದಾಪುರದ ಗಂಡಸರ ಬಾಯಿ ಕಟ್ಟುವುದಕ್ಕಿಂತ ಬಿದ್ದ ಗೋಡೆಯನ್ನು ಎಬ್ಬಿಸುವುದು ಸುಲಭ. ಸುತ್ತಲಿನ ಊರಿನವರು ಹೊಲದ ಮಾತಾಡಿದರೆ ಈ ಊರಿನವರು ನೀರಿನ ಮಾತಾಡುತ್ತಾರೆ. ಬಾದಶಹರ ಕಾಲದ ಕೆರೆ, ಅದರ ಜಂಬ ಅವರ ಹುಟ್ಟುಗುಣ. ಕೆರೆ ತುಂಬಿದ ವರ್ಷ ಊರ ಹಿಂದೂಗಳೂ ಮುಸಲ್ಮಾನರೂ ಕೂಡಿ ಹೋಗಿ ನೀರಿಗೆ ಉಡಿ ತುಂಬುವ ರೂಢಿ. ಯಾರ ಬಾಗಿಲಿಗೆ ನೀರು ಹತ್ತಿರ ಬಂದಿರುತ್ತದೋ ಅವರದು ಮೊದಲ ತೆಂಗಿನಕಾಯಿ. ಹಾಗಾಗಿ ಯಾರನ್ನು ಕೇಳಿದರೂ ನೀರು ಅವರ ಬಾಗಿಲನ್ನೇ ತಟ್ಟಿ ಹೋಗಿರುತ್ತದೆ. ಬಬಲೇಶ್ವರದ ಸಂತೆಯಲ್ಲಿ ಚಹಾ ಕುಡಿಯುತ್ತ ಕೂತರಂತೂ ಒಂದೊಂದು ಕಪ್ಪಿಗೂ ಕೆರೆ ಒಂದೊಂದು ಮೆಟ್ಟಿಲು ಏರುತ್ತದೆ.

ಆದರೂ ಸೈಫುದ್ದೀನ ಕೈಚೆಲ್ಲಲಿಲ್ಲ. ಮೊದಲು ಸಾಹೇಬರ ಕುರ್ಚಿಗೆ ಒಂದು ಹತ್ತಿಯ ದಿಂಬು ತುಂಬಿಕೊಟ್ಟ. ಸಾಹೇಬರು ತೂತಿನಿಂದ ಮೇಲೆದ್ದು ಅದರ ಮೇಲೆ ಕೂತರು, ಕಣ್ಣು ಮುಚ್ಚಿದರು, ಅಲೆಯ ಮೇಲೆ ತೇಲಿದ ಹಾಗಾಗುತ್ತದೆ ಎಂದರು, ಮುಂದಿನ ವಾರವೇ ಬರುತ್ತೇನೆ ಎಂದರು. ಆಮೇಲೆ ಅವನು ಊರ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಪಾಠ ಹೇಳಿಕೊಟ್ಟ. ಕಷ್ಟವಾದದ್ದು ಶಂಕ್ರೆಪ್ಪನದೇ.

“ಹೇಳು, ಶಂಕ್ರೆಪ್ಪಾ. ನೀರು ಎಲ್ಲಿತನಾ ಬಂದಿತ್ತು?”

“ಒಗ್ಯಾಣ ಕಲ್ಲಿನ... ಲೇ, ಹೇಳಾಕ ನಾಚಿಕಿ ಬರ್ತೈತಲೇ. ಬೇವಿನ ಗಿಡದ ತನಾ ಅಂದ್ರ ನಡ್ಯಾಂಗಿಲ್ಲೇನು?”

“ಕಲ್ಲಿನ ತನಾ ಅಷ್ಟ. ನನ್ನ ಸಂಸಾರದ ಮಾತೈತಿ.”

“ನಿನ್ನ ಸಂಸಾರದ ಸಲುವಾಗಿ ಕೆರಿ ಮಾನಾ ಕಳೀಬೇಕಾತು,” ಎಂದು ಶಂಕ್ರೆಪ್ಪ ನಿಟ್ಟುಸಿರು ಬಿಟ್ಟ. “ಆಗ್ಲಿ. ಹೇಳ್ತೇನಿ. ಆದ್ರ ಕೆಳಗ ನೋಡಿ ಹೇಳ್ತೇನಿ.”

ಸಾಹೇಬರ ಆ ಮುಂದಿನ ವಾರ ಬರುವಷ್ಟರಲ್ಲಿ ಬೇಸಿಗೆ ಮೂಡಿತ್ತು. ಸಾಹೇಬರ ಜೀಪು ಧೂಳೆಬ್ಬಿಸುತ್ತ ಬಂದಾಗ ಕೆರೆಯ ನೀರು ನಡುವಿಗೆ ಸೇರಿ, ಅದರಲ್ಲಿ ಎಮ್ಮೆಗಳು ಕೂತಿದ್ದವು. ಪೀರಸಾಬ ಕೆಂಪು ಬಿಳಿ ಪಟ್ಟಿಯ ಅಳತೆಕೋಲು ಹೊತ್ತು ಇಳಿದ. ಬಿದ್ದ ಮನೆಯ ಮುಂದೆ ಹಾಸಿದ ಜಮಖಾನೆಯ ಮೇಲೆ ಹಿರಿಯರು ಕೂತರು: ಶಂಕ್ರೆಪ್ಪ, ಈರಯ್ಯ ಸ್ವಾಮಿ, ಮಸೀದಿಯ ಕಡೆಯ ದಾದಾಸಾಬ. ಸಾಹೇಬರು ಕೇಳಿದರು. ಶಂಕ್ರೆಪ್ಪ ನೆಲ ನೋಡುತ್ತ ಕಲ್ಲಿನ ತನಕ ಎಂದ. ಈರಯ್ಯ ಕಲ್ಲಿನ ತನಕ ಎಂದ. ದಾದಾಸಾಬ ಕಲ್ಲೂ ಹೆಚ್ಚಾಯಿತು ಎಂದ. ಸೈಫುದ್ದೀನನ ಕಣ್ಣ ಮುಂದೆ ಗೋಡೆ ಎದ್ದಿತು, ಕಿಡಕಿ ತೆರೆಯಿತು, ಟಿಕೋಟಾದ ಬಸ್ಸಿನಿಂದ ಹಂಚು ಹಿಡಿದ ಒಬ್ಬ ಹೆಂಗಸು ಇಳಿದಳು.

ಆಗ ಸಾಹೇಬರಿಗೆ ಚಹಾ ಬಂತು. ಚಹಾ ಕೊಟ್ಟದ್ದೇ ತಪ್ಪಾಯಿತು. ಸಹಿ ಆದ ಮೇಲೆ ಕೊಡಬೇಕಿತ್ತು. ಸಾಹೇಬರು ಒಂದು ಗುಟುಕು ಕುಡಿದು, ಕೆಳಗೆ ಎಮ್ಮೆಗಳ ಕಡೆ ನೋಡಿ, ಮುಗುಳ್ನಕ್ಕರು.

“ಇದಕ್ಕೆ ನೀವು ಕೆರೆ ಅಂತೀರಾ ಮಾರಾಯ್ರೆ? ನಮ್ಮ ಕಾರವಾರದಲ್ಲಿ ಇಷ್ಟು ನೀರಲ್ಲಿ ಅಂಗಡಿಯವ ತೆಂಗಿನಕಾಯಿ ತೊಳೀತಾನೆ, ಅಷ್ಟೆ.”

ಜಮಖಾನೆಯ ಮೇಲೆ ಎಲ್ಲರ ಕತ್ತು ಒಮ್ಮೆಗೇ ಸಾಹೇಬರ ಕಡೆ ತಿರುಗಿತು. ಶಂಕ್ರೆಪ್ಪ ನೆಲದಿಂದ ಮುಖ ಎತ್ತಿದ. ಅವನ ತಲೆಯ ಪಟಕದ ತುದಿ ನಡುಗುತ್ತಿತ್ತು.

“ಏನಂದ್ರಿ ಸಾಹೇಬ್ರ? ಬ್ಯಾಸಗಿ ನೋಡಿ ಮಾತಾಡಬ್ಯಾಡ್ರಿ. ಈ ಕೆರಿ ತುಂಬಿದ್ದ ನೋಡೀರೇನು? ಇಗಾ, ಇಂವನ ಮನಿ ಗ್ವಾಡಿಗೆ ಬಂದು ಧಪ್ ಧಪ್ ಬಡೀತಿತ್ತು!”

“ಶಂಕ್ರೆಪ್ಪಾ, ಒಗ್ಯಾಣ ಕಲ್ಲು,” ಎಂದು ಸೈಫುದ್ದೀನ ಅವನ ಕಾಲು ತುಳಿದ.

“ಒಗ್ಯಾಣ ಕಲ್ಲು ಹಾಳಾಗ್ಲಿ!”

“ಗ್ವಾಡಿ ಏನು ಬಂತು?” ಎಂದು ಈರಯ್ಯ ಸ್ವಾಮಿ ಮುಂದೆ ಸರಿದ. “ನಮ್ಮನಿ ಹಗೇವಿನಾಗ ನೀರು ಹೊಕ್ಕಿತ್ರಿ. ನೆಲದಾಗ ಜೋಳಾ ತುಂಬಿದ ಹಗೇವು. ತಗದು ನೋಡಿದ್ರ ಮೀನು! ಜೋಳಾ ತಿಂದು ತಿಂದು ಇಷ್ಟಿಷ್ಟು ದಪ್ಪ ಆಗಿದ್ವು. ನಾವು ತಿನ್ನೂ ಮಂದಿ ಅಲ್ಲ, ಅದಕ್ಕ ಕೈ ಮುಗದು ಬಿಟ್ಟಿವಿ.”

ದಾದಾಸಾಬ ಮಸೀದಿಯ ಮೇಲಿನ ಮೆಟ್ಟಿಲಲ್ಲಿ ಕೂತು ಕೆರೆಯ ನೀರಿನಲ್ಲೇ ಕೈಕಾಲು ತೊಳೆದು ನಮಾಜಿಗೆ ನಿಂತ ವರ್ಷವನ್ನು ನೆನೆದ. ಶಂಕ್ರೆಪ್ಪ ತಾನು ಹೇಳಿದ ಗೋಡೆ ತೀರ ಕೆಳಗಾಯಿತು ಎನಿಸಿ ಮತ್ತೆ ಎದ್ದ. “ಹಣಮಪ್ಪನ ಗುಡಿ ಗಂಟಿ ತನಾ ಬಂದಿತ್ರಿ! ಅಲಿ ಬಡದು ಗಂಟಿ ತಾನ ಬಾರಸ್ತಿತ್ತು. ಪೂಜಾರಿ ಮನ್ಯಾಗ ಮಲಕ್ಕೊಂಡಿದ್ದ, ಪೂಜಿ ಆಗಿಹೋಗಿತ್ತು!”

ಕೆಳಗಿನಿಂದ ಕೊಡ ಹೊತ್ತು ಏರಿ ಬರುತ್ತಿದ್ದ ಅಕ್ಕನಾಗಮ್ಮ ಮತ್ತು ಮಾಳವ್ವ ಇದನ್ನು ಕೇಳಿ ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರನ್ನು ಯಾರೂ ಏನೂ ಕೇಳಲಿಲ್ಲ, ಅವರು ಉಸಿರು ಬಿಡುತ್ತ ಮುಂದೆ ಹೋದರು.

ಸಾಹೇಬರು ಮಾತ್ರ ತಣ್ಣಗೆ ಕೂತಿದ್ದರು. “ಇದನ್ನೆಲ್ಲ ಕೇಳಿದರೆ ನಮ್ಮ ಕಡೆ ಏಡಿ ಸಹ ನಗ್ತದೆ,” ಎಂದು ಸೈಫುದ್ದೀನನ ಕಡೆ ತಿರುಗಿದರು. “ಅರ್ಜಿ ನಿಮ್ಮದು. ನೀವೇ ಹೇಳಿ. ಈ ಹೊಂಡದಲ್ಲಿ ಅಷ್ಟು ನೀರು ಬರಲು ಸಾಧ್ಯವೇ ಇಲ್ಲ ಅಂತ ಒಂದು ಮಾತು ಹೇಳಿ, ಈಗಲೇ ಸಹಿ ಹಾಕ್ತೇನೆ.”

ಇಷ್ಟು ಸುಲಭದ ಪರೀಕ್ಷೆ ದೇವರು ಯಾರಿಗೂ ಕೊಟ್ಟಿರಲಿಕ್ಕಿಲ್ಲ. ಒಂದೇ ಮಾತು. ಸೈಫುದ್ದೀನ ಬಾಯಿ ತೆರೆದ. ಸಬೀರಾಳನ್ನು ನೆನೆದ, ಕಿಡಕಿಯನ್ನು ನೆನೆದ, ಎಮ್ಮೆಯನ್ನೂ ನೆನೆದ. ಆದರೆ ಕಿವಿಯಲ್ಲಿ ‘ಹೊಂಡ’ ಎಂಬ ಮಾತು ಗುಂಯ್‌ಗುಡುತ್ತಿತ್ತು, ಮೇಲಾಗಿ ಸತ್ತ ಅಪ್ಪ ಅವನ ಗಂಟಲೊಳಗೇ ಕೂತು ಗಂಟಲು ಸರಿಮಾಡಿಕೊಂಡಂತಾಯಿತು.

“ಸಾಹೇಬ್ರ,” ಎಂದ, “ನಮ್ಮವ್ವ ಒಲಿ ಮುಂದ ಕುಂತು ರೊಟ್ಟಿ ಹಂಚಿನ್ಯಾಗ ಮೀನಾ ಹಿಡೀತಿದ್ಲು. ಒಂದು ಕೈಯಾಗ ರೊಟ್ಟಿ, ಒಂದು ಕೈಯಾಗ ಮೀನಾ. ಅಲ್ಲೇ ಹಿಡದು ಅಲ್ಲೇ ಹುರಿಯೂದು!”

ಜಮಖಾನೆಯವರು ಭೇಷ್ ಎಂದರು. ಶಂಕ್ರೆಪ್ಪ ಬೆನ್ನು ತಟ್ಟಿದ. ಸಾಹೇಬರು ಗಂಭೀರವಾಗಿ ಎಲ್ಲವನ್ನೂ ಬರೆದುಕೊಂಡರು, ಎದ್ದರು, ಪೀರಸಾಬನಿಂದ ಕೋಲು ಹಿಡಿಸಿ ಹಣಮಪ್ಪನ ಗಂಟೆಯ ಎತ್ತರ ಅಳೆಸಿದರು. ಆ ಎತ್ತರಕ್ಕೆ ಗೆರೆ ಎಳೆದಾಗ ಸೈಫುದ್ದೀನನ ಮನೆ ಮಾತ್ರವಲ್ಲ, ಶಂಕ್ರೆಪ್ಪನ ಕೊಟ್ಟಿಗೆ, ಮಸೀದಿ, ಗುಡಿ, ಶಾಲೆ, ಪಂಚಾಯಿತಿ ಕಟ್ಟೆ ಎಲ್ಲವೂ ಕೆರೆಯೊಳಗೆ ಬಂದವು. ಊರಿನಲ್ಲಿ ಇನ್ನು ಮೇಲೆ ಯಾರೂ ಒಂದು ಗೂಟವನ್ನೂ ಹುಗಿಯುವಂತಿಲ್ಲ ಎಂದು ಹೇಳಿ ಸಾಹೇಬರು ಜೀಪು ಹತ್ತಿದರು. ಶಂಕ್ರೆಪ್ಪ ಮರುವಾರವೇ ಕೊಟ್ಟಿಗೆ ಬೆಳೆಸುವವನಿದ್ದ. ಅವನು ಜಮಖಾನೆ ಝಾಡಿಸುತ್ತ, “ಎಲ್ಲಾ ಇಂವನ ಮೀನಿನಿಂದ ಆತು ನೋಡ್ರಿ,” ಎಂದ. ಊರೂ ಹೌದೆಂದಿತು.

ಸೈಫುದ್ದೀನ ಟಿಕೋಟಾಕ್ಕೆ ಹೋದ. ಹೋಗದೆ ವಿಧಿಯಿರಲಿಲ್ಲ. ಬಾಗಿಲಲ್ಲಿ ಅತ್ತೆ ಆಶಾಬಿ ಕೋಳಿಗೆ ಕಾಳು ಹಾಕುತ್ತಿದ್ದಳು. ಕೋಳಿ ಚೆನ್ನಾಗಿ ಮೈದುಂಬಿಕೊಂಡಿತ್ತು, ಅವನ ಗುರುತು ಹಿಡಿಯಲಿಲ್ಲ.

“ಗ್ವಾಡಿ ಎದ್ದಿತೇನು?” ಎಂದಳು ಆಶಾಬಿ.

“ಗ್ವಾಡಿ ಎದ್ದಿಲ್ಲ. ಊರು ಮುಳುಗೇತಿ.”

ಸಬೀರಾ ಒಳಗಿನಿಂದ ಬಂದು ಕಂಬಕ್ಕೆ ಆತು ನಿಂತಳು. ಅವನು ಎಲ್ಲವನ್ನೂ ಹೇಳಿದ, ದಿಂಬಿನಿಂದ ಹಿಡಿದು ಮೀನಿನ ತನಕ. ಮುಚ್ಚಿಡಲು ಒಂದು ಕ್ಷಣ ಆಸೆಯಾಯಿತು, ಆದರೆ ಸಬೀರಾಳ ಮುಂದೆ ಸುಳ್ಳು ಹೇಳಲು ಅವನಿಗೆ ಎಂದೂ ಬಂದಿರಲಿಲ್ಲ. ಆಶಾಬಿ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು. ಸಬೀರಾ ನಗಲಿಲ್ಲ.

“ನಿಮ್ಮವ್ವ ಹಂಚಿನ್ಯಾಗ ಮೀನಾ ಹಿಡೀತಿದ್ಲು?” ಎಂದಳು. “ಆ ಮುದುಕಿ ಕೊಡಾ ಹೊತ್ತು ಹೊತ್ತು ನಡಾ ಹಿಡದು ಮಲಗಿದ್ದಕ್ಕ ಎಣ್ಣಿ ತಿಕ್ಕಿದಾಕಿ ನಾನು. ಸಾಯೂ ಮುಂದ ಸುದ್ದಾ ಏನಂದ್ಲು ಗೊತ್ತೈತೇನು? ಹಂಡೇಕ ನೀರು ತುಂಬಿಟ್ಟೀಯೇನವಾ ಅಂದ್ಲು.”

ಸೈಫುದ್ದೀನನಿಗೆ ಗೊತ್ತಿರಲಿಲ್ಲ. ಅವನು ತಲೆ ತಗ್ಗಿಸಿ ಕೂತ. ನಿಜಕ್ಕೂ ನಾಚಿಕೆಯಾಯಿತು, ಗೋಡೆ ಬಿದ್ದಾಗಲೂ ಅಷ್ಟು ಆಗಿರಲಿಲ್ಲ. ಸಬೀರಾ ಒಳಗೆ ಹೋಗಿ ಎರಡು ಖಾಲಿ ಕೊಡ ತಂದು ಒಂದನ್ನು ಅವನ ಕೈಗೆ ಕೊಟ್ಟಳು. “ಏಳ್ರಿ. ವಿಜಾಪುರದ ಬಸ್ಸು ಬರೂ ಹೊತ್ತಾತು.”

ಸ್ಟೇಷನ್ ರಸ್ತೆಯ ಅಟ್ಟದ ಮೇಲೆ ಸಾಹೇಬರು ದಿಂಬಿನ ಮೇಲೆ ತೂಕಡಿಸುತ್ತಿದ್ದರು. ಸಬೀರಾ ಕೊಡವನ್ನು ಮೇಜಿನ ಮೇಲೆ ಠಣ್ಣೆಂದು ಇಟ್ಟಳು. ಸಾಹೇಬರು ಬೆಚ್ಚಿ ಎದ್ದರು.

“ನೀರು ಎಲ್ಲಿತನಾ ಬರ್ತೈತಿ ಅಂತ ಯಾರನ್ನ ಕೇಳೀರಿ?” ಎಂದಳು.

“ಊರ ಹಿರಿಯರನ್ನ ಕೇಳಿದೆ.”

“ಅವರ್ಯಾರರೇ ಒಂದು ದಿನಾ ನೀರು ತಂದಾರೇನ್ರಿ? ನೀರು ಹೊತ್ತವರು ನಾವು, ನಮ್ಮನ್ನ ಕೇಳ್ರಿ. ನಾಳಿಗೆ ಊರಿಗೆ ಬರ್ರಿ. ಬಂದು ನಮ್ಮ ಹೊಸ್ತಿಲಾದಿಂದ ಈ ಕೊಡಾ ಹಿಡಕೊಂಡು ನೀರಿನ ತನಾ ಹೋಗಿ, ಒಮ್ಮಿ ತುಂಬಿಕೊಂಡು ಬರ್ರಿ. ಬಂದ ಮ್ಯಾಲೂ ನಮ್ಮನಿ ಕೆರ್ಯಾಗ ಐತಿ ಅಂದ್ರಿ ಅಂದ್ರ ನಾ ಮತ್ತೊಂದು ಮಾತಾಡೂದಿಲ್ಲ.”

ಪೀರಸಾಬ ಕೆಮ್ಮಲು ಹೋದವನು ಸುಮ್ಮನಾದ. ಸಾಹೇಬರು ಕೊಡ ನೋಡಿದರು, ಕ್ಯಾಲೆಂಡರಿನ ದೋಣಿ ನೋಡಿದರು, ಬರುತ್ತೇನೆ ಎಂದರು.

ಬಂದರು. ಊರಿಗೆ ಊರೇ ದಿಬ್ಬದ ಮೇಲೆ ನಿಂತಿತ್ತು. ಸಾಹೇಬರು ಪ್ಯಾಂಟು ಮಡಚಿ, ಬಿದ್ದ ಮನೆಯ ಹೊಸ್ತಿಲಿಂದ ಕೊಡ ಹಿಡಿದು ಹೊರಟರು. ಹೋಗುವಾಗ ಗತ್ತಿನಿಂದಲೇ ಹೋದರು. ಬೇವಿನ ಮರ ದಾಟಿದರು, ಒಗೆಯುವ ಕಲ್ಲು ದಾಟಿದರು, ಎಮ್ಮೆಗಳನ್ನು ದಾಟಿದರು. ಬರುವಾಗ ಕೊಡ ಹೆಗಲಿಂದ ತಲೆಗೆ, ತಲೆಯಿಂದ ಸೊಂಟಕ್ಕೆ, ಸೊಂಟದಿಂದ ಹೊಟ್ಟೆಗೆ ಬಂತು. ಕಲ್ಲಿನ ಹತ್ತಿರ ಒಮ್ಮೆ ಕೂತರು, ಬೇವಿನ ಕೆಳಗೆ ಇನ್ನೊಮ್ಮೆ ಕೂತರು. ಜಾಲಿಯ ಮುಳ್ಳು ಅವರ ಅಂಗಿ ಹಿಡಿದು ಮಾತಾಡಿಸಿತು. ಹೊಸ್ತಿಲು ಮುಟ್ಟುವ ಹೊತ್ತಿಗೆ ಕೊಡದಲ್ಲಿ ಒಂದು ತಂಬಿಗೆ ನೀರು ಉಳಿದಿತ್ತು, ಮಿಕ್ಕದ್ದೆಲ್ಲ ಸಾಹೇಬರ ಮೈಮೇಲಿತ್ತು.

“ಇದು ಬ್ಯಾಸಗಿ ಮಾತಾತು,” ಎಂದು ಶಂಕ್ರೆಪ್ಪ ಜನರ ನಡುವಿನಿಂದ ಕೂಗಿದ. “ಮಳಿಗಾಲದಾಗ...”

“ಮಳಿಗಾಲದಾಗ ಏನೋ ಶಂಕ್ರ್ಯಾ?” ಎಂದಳು ಅಕ್ಕನಾಗಮ್ಮ. ಊರಿನ ಎಲ್ಲರಿಗಿಂತ ಹಿರಿಯಳು ಅವಳು. ಶಂಕ್ರೆಪ್ಪನ ಮೂಗು ಒರೆಸಿ ಬೆಳೆಸಿದವಳು. “ಕೆರಿ ತುಂಬಿ ಕೋಡಿ ಬಿದ್ದ ವರ್ಷಾನೂ ನಾ ಆ ಒಗ್ಯಾಣ ಕಲ್ಲಿನ ಮ್ಯಾಲ ನಿಂತ ಕೊಡಾ ತುಂಬೇನಿ. ನಿಮ್ಮವ್ವನೂ ಅಲ್ಲೇ ತುಂಬ್ಯಾಳ. ಅಲಿ ಗಂಟಿ ಬಾರಿಸಿದ್ದ ನೀ ಕೇಳಿದ್ದಿ ಅಂದ್ರ ಬಂದು ಒಂದು ಕೊಡಾ ಇಳಸಬೇಕಾಗಿತ್ತು.”

ಮಾಳವ್ವ ಹೌದೆಂದಳು. ಹಿಂದೆ ನಿಂತ ಹೆಂಗಸರೆಲ್ಲ ಒಂದೇ ಸಲಕ್ಕೆ ಮಾತಾಡತೊಡಗಿದರು. ಗಂಡಸರು ಕೆರೆಯ ಕಡೆ, ಗುಡಿಯ ಕಡೆ, ತಮ್ಮ ಚಪ್ಪಲಿಯ ಕಡೆ ನೋಡಿದರು. ಈರಯ್ಯ ಸ್ವಾಮಿ ಮೀನಿನ ಮಾತು ಎತ್ತಲಿಲ್ಲ.

ಸಾಹೇಬರು ಹೊಸ್ತಿಲ ಮೇಲೆ ಕೂತು ಮುಖ ಒರೆಸಿಕೊಂಡರು. ಆದರೆ ಸೋಲೊಪ್ಪುವ ಮನುಷ್ಯ ಅವರಲ್ಲ. “ಅಂತೂ ನಾನು ಹೇಳಿದ್ದೇ ನಿಜ ಆಯ್ತು. ಇದು ಹೊಂಡ,” ಎಂದರು. “ನೀರು ಅಂದರೆ ನಮ್ಮದು. ಬಾಗಿಲು ತೆರೆದರೆ ಸಮುದ್ರ. ಕಣ್ಣು ಹಾಯಿಸಿದಲ್ಲೆಲ್ಲ ನೀರೇ ನೀರು.”

ಜನರೆಲ್ಲ ಮತ್ತೆ ಕುದಿಯತೊಡಗಿದರು. ಸೈಫುದ್ದೀನನ ಬಾಯಿ ತಾನಾಗಿ ತೆರೆಯಹತ್ತಿತು. ಸಬೀರಾ ಅದನ್ನು ನೋಡಿ ಅಡ್ಡ ಬಂದಳು. ಸಾಹೇಬರೇ ಹೊತ್ತು ತಂದ ಆ ಒಂದು ತಂಬಿಗೆ ನೀರಿನಲ್ಲಿ ಚಹಾ ಕುದಿಸಿ, ಸೋಸಿ, ಕಪ್ಪನ್ನು ಅವರ ಮುಂದಿಟ್ಟಳು.

“ಕುಡೀರಿ ಸಾಹೇಬ್ರ. ನಿಮ್ಮ ಸಮುದ್ರದ ನೀರಾಗ ಒಂದು ಕಪ್ಪು ಚಾ ಆಗತೈತೇನ್ರಿ?”

ಸಾಹೇಬರು ಕಪ್ಪನ್ನು ಎತ್ತಿಕೊಂಡು ಅದರೊಳಗೆ ಇಣುಕಿದರು. ಮೊದಲು ನಕ್ಕವನು ಪೀರಸಾಬ. ಆಮೇಲೆ ದಿಬ್ಬವೆಲ್ಲ ನಕ್ಕಿತು, ಶಂಕ್ರೆಪ್ಪ ಪಟಕ ಹಾರಿಸಿದ, ದಾದಾಸಾಬ ಈರಯ್ಯ ಸ್ವಾಮಿಯನ್ನು ಅಪ್ಪಿಕೊಂಡ. ಕೊನೆಗೆ ಸಾಹೇಬರೂ ನಕ್ಕರು, ಚಹಾ ಪೂರ್ತಿ ಕುಡಿದರು, ಒಗೆಯುವ ಕಲ್ಲಿಗೆ ಗೆರೆ ಹಾಕಿ ಅಲ್ಲೇ ಸಹಿ ಮಾಡಿದರು. “ಆದರೆ ಒಂದು ಮಾತು,” ಎಂದರು ಜೀಪು ಹತ್ತುತ್ತ. “ನೀರು ಯಾವತ್ತಾದರೂ ಈ ಗೆರೆ ದಾಟಿ ಮನೆಗೆ ಬಂತು ಅಂತ ನನ್ನ ಕಿವಿಗೆ ಬಿದ್ದರೆ ಗೋಡೆ ಕೆಡವಿಸ್ತೇನೆ. ಕಾಯದೆ ಅಂದ್ರೆ ಕಾಯದೆ.”

ಗೋಡೆ ಎದ್ದಿತು. ಗೋಡೆಯಲ್ಲಿ ಕಿಡಕಿ ಬಂತು. ಸಬೀರಾ ಬಂದಳು, ಹಂಚು ಬಂತು, ಕೋಳಿ ಎರಡು ದಿನ ಮುನಿಸಿಕೊಂಡು ಆಮೇಲೆ ಮೊಟ್ಟೆ ಇಟ್ಟಿತು. ರೊಟ್ಟಿ ಬಡಿಯುವಾಗ ಸಬೀರಾ ಕಿಡಕಿಯ ಕಡೆ ನೋಡುತ್ತಿದ್ದಳು, ಸೈಫುದ್ದೀನ ಸಬೀರಾಳ ಕಡೆ ನೋಡುತ್ತಿದ್ದ.

ಆ ವರ್ಷದ ಹಸ್ತದ ಮಳೆ ಹುಚ್ಚುಮಳೆಯಾಗಿ ಸುರಿಯಿತು. ಬಬಲೇಶ್ವರದ ಸಂತೆಯ ದಿನ ಬೆಳಗಾಗುತ್ತಲೇ ಸೈಫುದ್ದೀನ ಮುಖ ತೊಳೆಯಲು ಬಾಗಿಲು ತೆಗೆದ, ಕಾಲು ಕೆಳಗಿಟ್ಟ, ಕಾಲು ಪುಳಕ್ಕೆಂದಿತು. ಬೇವಿನ ಮರ ನಡುಮಟ ನೀರಿನಲ್ಲಿತ್ತು. ಜಾಲಿ ಕಂಟಿಯ ಗುರುತೇ ಇಲ್ಲ. ಮಮದಾಪುರದ ಕೆರೆ ಅವನ ಹೊಸ್ತಿಲಿಗೆ ಬಂದು ತಣ್ಣಗೆ ಕೂತಿತ್ತು.

“ಸಬೀರಾ!” ಎಂದು ಅವನು ಕಿರುಚುವ ಮೊದಲೇ ಅವಳ ಹಿಟ್ಟಿನ ಕೈ ಅವನ ಬಾಯಿಯ ಮೇಲಿತ್ತು.

“ಒಂದು ಶಬ್ದಾ ಹೊರಗ ಬಂದ್ರ ಗ್ವಾಡಿ ಹೋತು,” ಎಂದಳು ಮೆಲ್ಲಗೆ. “ಗ್ವಾಡಿ ಹೋದ್ರ ನಾನೂ ಹೊಂಟೆ.”

ಆಮೇಲೆ ಅವಳು ಕೊಡ ತಂದಳು. ಹೊಸ್ತಿಲ ಮೇಲೆ ಕೂತು, ಕೂತಲ್ಲಿಂದಲೇ ಕೊಡ ಬಾಗಿಸಿ, ಬುಳುಬುಳು ತುಂಬಿಸಿದಳು. ತುಂಬಿದ ಕೊಡವನ್ನು ಪಕ್ಕಕ್ಕಿಟ್ಟಳು. “ನಿಮ್ಮಪ್ಪ ಖೋಟಾ ಹೇಳಿರಲಿಲ್ಲ ಬಿಡ್ರಿ,” ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಸೈಫುದ್ದೀನನಿಗೆ ಅಪ್ಪನನ್ನು ಗೋರಿಯಿಂದ ಎಬ್ಬಿಸಿ ತಂದು ತೋರಿಸಬೇಕು ಎನಿಸಿತು.

ಸಂತೆಯಲ್ಲಿ ಚಹಾದಂಗಡಿಯ ಮುಂದೆ ಶಂಕ್ರೆಪ್ಪ ಆಗಲೇ ಸಭೆ ಕೂಡಿಸಿದ್ದ. ಈ ಸಲ ನೀರು ತನ್ನ ಕೊಟ್ಟಿಗೆಗೆ ಬಂದು ಎಮ್ಮೆಯ ಹಾಲಿಗೆ ತಾನೇ ಬೆರೆಯಿತು ಎನ್ನುತ್ತಿದ್ದ. ಅಷ್ಟರಲ್ಲಿ ಜೀಪು ಬಂದು ನಿಂತಿತು. ಸಾಹೇಬರು ಬೇರೆ ಊರಿಗೆ ಹೊರಟವರು ಚಹಾಕ್ಕೆ ಇಳಿದಿದ್ದರು. ಶಂಕ್ರೆಪ್ಪ ಹಾಲಿನ ಮಾತನ್ನು ನುಂಗಿಕೊಂಡ. ಸಾಹೇಬರು ನೇರವಾಗಿ ಸೈಫುದ್ದೀನನ ಹತ್ತಿರ ಬಂದರು.

“ಏನ್ರಿ, ನಿಮ್ಮ ಹೊಂಡ ತುಂಬಿತಂತೆ? ಎಲ್ಲಿಯ ತನಕ ಬಂತು?”

ಎಲ್ಲರೂ ಸೈಫುದ್ದೀನನ ಬಾಯಿ ನೋಡಿದರು. ಅವನ ಮನೆತನದಲ್ಲಿ, ಅವನ ಊರಿನಲ್ಲಿ, ತಲೆತಲಾಂತರದಲ್ಲಿ ಯಾರೊಬ್ಬರಿಗೂ ಸಿಗದ ಅವಕಾಶ ಅವನ ನಾಲಿಗೆಯ ತುದಿಯಲ್ಲಿತ್ತು, ಅದೂ ಖರೆ ಮಾತು. ಗಂಟಲಲ್ಲಿ ಅಪ್ಪ ಒದ್ದಾಡಿದ. ಸೈಫುದ್ದೀನ ಹತ್ತಿ ಹಿಂಜುವ ಬಿಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಒಗ್ಯಾಣ ಕಲ್ಲಿನ ತನಾ ಅಷ್ಟರಿ,” ಎಂದ.

“ಅಷ್ಟೇನಾ?”

“ಅಷ್ಟರಿ. ಹೊಂಡ ಅಲ್ಲೇನ್ರಿ.”

ಶಂಕ್ರೆಪ್ಪ ಬಾಯಿ ಬಿಟ್ಟು ನೋಡಿದ. ಸಾಹೇಬರ ಕಣ್ಣು ಮೆಲ್ಲಗೆ ಕೆಳಗಿಳಿದು ಸೈಫುದ್ದೀನನ ಪಾಯಿಜಾಮಾದ ಮೇಲೆ ನಿಂತಿತು. ಅದು ಮೊಣಕಾಲ ತನಕ ಒದ್ದೆಯಾಗಿತ್ತು, ಅಂಚಿಗೆ ಒಂದು ಎಳೆ ಹಸಿರು ಪಾಚಿ ಅಂಟಿತ್ತು. ನೀರಿನ ದಂಡೆಯಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ಪಾಚಿಯ ಗುರುತು ಹೇಳಿಕೊಡಬೇಕಾಗಿಲ್ಲ.

“ಇದೇನಿದು?” ಎಂದರು.

“ಬೆವರ್ರಿ,” ಎಂದ ಸೈಫುದ್ದೀನ.

ಸಾಹೇಬರು ಪಾಚಿಯಿಂದ ಕಣ್ಣು ಎತ್ತಿದರು. “ನಿಮ್ಮ ಕಡೆ ಸೆಖೆ ಜಾಸ್ತಿ,” ಎಂದರು. ಜೀಪಿನೊಳಗೆ ಪೀರಸಾಬ ಕೆಮ್ಮಿದ. ಸಾಹೇಬರು ಚಹಾ ಕುಡಿಯದೆಯೇ ಹತ್ತಿ ಹೊರಟುಹೋದರು.

ಸಂಜೆ ಸೈಫುದ್ದೀನ ಮನೆಗೆ ಬಂದಾಗ ನೀರು ಇನ್ನೂ ಹೊಸ್ತಿಲಲ್ಲೇ ಇತ್ತು. ಸಬೀರಾ ಕಿಡಕಿಯಿಂದ ತಲೆ ಹೊರಗೆ ಹಾಕಿ ಕೇಳಿದಳು. “ಏನಂದ್ರಿ?”

“ಒಗ್ಯಾಣ ಕಲ್ಲು ಅಂದೆ.”

ಅವಳು ತಲೆ ಒಳಗೆಳೆದುಕೊಂಡಳು. ಹೊಸ್ತಿಲಲ್ಲಿ ತುಂಬಿಸಿದ ನೀರಿನಲ್ಲೇ ಚಹಾ ಮಾಡಿ ತಂದು, ಅವನ ಪಕ್ಕಕ್ಕೆ ಹೊಸ್ತಿಲ ಮೇಲೆ ಕೂತಳು. ಇಬ್ಬರೂ ಕಾಲು ನೀರಿಗೆ ಬಿಟ್ಟುಕೊಂಡು ಬಸಿಯಲ್ಲಿ ಚಹಾ ಕುಡಿದರು.